ಪೊರೆ ಬಂದ ವಾರ

ಕುರುಚಲು ಗಿಡಗಳ ಒಂದು ಕಾಡಿನಲ್ಲಿ, ಅಗಲವಾದ ಚಪ್ಪಡಿ ಕಲ್ಲಿನ ಕೆಳಗೆ, ಇಬ್ಬರು ಅಕ್ಕತಂಗಿಯರು ಇದ್ದರು. ಇಬ್ಬರೂ ಕೇರೆಹಾವುಗಳು, ಒಂದೇ ಸಲ ಇಟ್ಟ ಮೊಟ್ಟೆಗಳಿಂದ ಬಂದವರು. ಆದರೂ ಅಕ್ಕ ಮಣ್ಣಿ ಎಲ್ಲ ಕೇರೆಗಳ ಹಾಗೆ ಮಣ್ಣಿನ ಬಣ್ಣ; ತಂಗಿ ಕೆಂಚಿ ಮಾಗಿದ ಕಿತ್ತಳೆಯ ಬಣ್ಣ. ಹಾಗೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಆಗೆಲ್ಲ ಬಣ್ಣ ಇದ್ದದ್ದು ದೂರದಿಂದ ಗುರುತು ಹಿಡಿಯಲಿಕ್ಕೆ, ಅಷ್ಟೆ.

ಚಳಿ ಬಂತೆಂದರೆ ಇಬ್ಬರೂ ಒಬ್ಬರನ್ನೊಬ್ಬರು ಸುತ್ತಿಕೊಂಡು ಮಲಗುತ್ತಿದ್ದರು. ಪೊರೆ ಬಂದಾಗ ಹಾವಿನ ಕಣ್ಣು ಹಾಲಿನಂತೆ ಮಬ್ಬಾಗುತ್ತದೆ, ಮೈ ಮಂಕಾಗುತ್ತದೆ. ಆ ವಾರ ಪೊರೆ ಬಂದವಳು ಹೊರಗೆ ಕಾಲಿಡುವಂತಿರಲಿಲ್ಲ. ಕಾಲೇ ಇರಲಿಲ್ಲ, ಅದು ಬೇರೆ ಮಾತು. ಇನ್ನೊಬ್ಬಳು ಕಲ್ಲಿನ ಸಂದಿಯಲ್ಲಿ ಕಾವಲಿರುತ್ತಿದ್ದಳು.

ಆಮೇಲೆ ಹಾವು ಹಿಡಿಯುವ ಹವ್ಯಾಸಿಗಳು ಬರತೊಡಗಿದರು. ಉದ್ದ ಬೂಟು, ಕೊಕ್ಕೆಕೋಲು, ಬಟ್ಟೆಚೀಲ, ಕ್ಯಾಮೆರಾ. ಒಂದೊಂದೇ ಕಲ್ಲು ಮಗುಚಿ ನೋಡುತ್ತಿದ್ದರು. ಮಾಮೂಲಿ ಬಣ್ಣದ ಹಾವು ಸಿಕ್ಕರೆ "ಇದೇನಾ" ಎಂದು ಬಿಟ್ಟುಬಿಡುತ್ತಿದ್ದರು. ಅಪರೂಪದ ಬಣ್ಣ ಸಿಕ್ಕರೆ ಚೀಲಕ್ಕೆ. ಹಳ್ಳದ ಕಡೆಯ ಬಿಳಿ ಹಾವು ಹಾಗೆ ಹೋದದ್ದು ಮತ್ತೆ ಬರಲೇ ಇಲ್ಲ.

ಕೆಂಚಿ ಹೆದರಿ ಕಲ್ಲಿನಡಿಯಲ್ಲೇ ಉಳಿದಳು.

"ನಿಂಗೇನಮ್ಮ, ರಾಣಿ. ಬೆಚ್ಚಗಿರೋ ಮೂಲೆಯೆಲ್ಲ ನಿಂದೇ," ಎಂದಳು ಮಣ್ಣಿ.

"ನೀನೂ ಬಾ ಅಕ್ಕ, ನಾನು ಸರಿದುಕೊಳ್ತೀನಿ."

"ಬೇಡ ಬಿಡು. ನಮ್ಮಂಥ ಮಾಮೂಲಿಯವರಿಗೆ ಎಲ್ಲಾದರೂ ನಡೆಯುತ್ತೆ."

ಬಾಯಲ್ಲಿ ಹಾಗೆಂದರೂ ಮಣ್ಣಿಗೆ ಒಂದು ಉಪಾಯ ಹೊಳೆದಿತ್ತು. ಹವ್ಯಾಸಿಗಳ ಕಣ್ಣಿಗೆ ಬಿದ್ದು ಕಲ್ಲಿನ ಕಡೆ ಹರಿದುಬರಬೇಕು. ಅವರು ಹಿಂದೆಯೇ ಬಂದು ಕಲ್ಲು ಎತ್ತುತ್ತಾರೆ. ಕೆಂಚಿ ಚೀಲಕ್ಕೆ, ಕಲ್ಲು ತನಗೆ. ತನ್ನನ್ನಂತೂ ಯಾರೂ ಮುಟ್ಟುವುದಿಲ್ಲ.

ಒಂದು ಬೆಳಿಗ್ಗೆ ಬೂಟಿನ ಸದ್ದು ಕೇಳಿಸಿತು. ಮಣ್ಣಿ ಹೊರಟಳು.

"ಎಲ್ಲಿಗೆ ಅಕ್ಕ? ನಿಂಗೆ ಪೊರೆ ಬಂದಿದೆ. ಕಣ್ಣು ಆಗಲೇ ಹಾಲಾಗಿದೆ."

"ನಂಗೆ ಕಾಣುತ್ತೆ ಕಣೇ. ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ."

"ಆ ಬೂಟಿನವರು ಬಂದಿದ್ದಾರೆ."

"ಬರಲಿ. ನನ್ನ ತಗೊಂಡು ಯಾರಿಗೆ ಏನಾಗಬೇಕು?"

ಮಣ್ಣಿಗೆ ಬೂಟುಗಳು ಎರಡು ಮಸುಕು ಕಂಬಗಳಂತೆ ಕಂಡವು. ತಾನು ಹೇಗೆ ಕಾಣುತ್ತಿದ್ದೇನೆ ಎಂಬುದಂತೂ ಅವಳಿಗೆ ಗೊತ್ತೇ ಇರಲಿಲ್ಲ. ಪೊರೆ ಕವಿದು ಮೈಯ ಬಣ್ಣ ಮಾಸಿ ಬೂದು ನೀಲಿಯಾಗಿತ್ತು. ಕಣ್ಣು ತಿಳಿನೀಲಿ. ಬಂದ ಇಬ್ಬರು ಹುಡುಗರೂ ಈ ಹವ್ಯಾಸಕ್ಕೆ ಹೊಸಬರು.

"ಲೋ ಇನಾಯತ್, ನೀಲಿ ಕೇರೆ ಕಣೋ."

"ಕಣ್ಣೂ ನೀಲಿ. ಮೆಲ್ಲಗೆ, ಚಿರಂತ್. ಚೀಲ ತಾ."

ಮಣ್ಣಿ ಕಲ್ಲಿನತ್ತ ತಿರುಗುವಷ್ಟರಲ್ಲಿ ಚೀಲದ ಬಾಯಿ ಕಟ್ಟಿಯಾಗಿತ್ತು. ಅವತ್ತು ಅವರು ಇನ್ನೊಂದು ಕಲ್ಲನ್ನೂ ಮುಟ್ಟಲಿಲ್ಲ. ಅಷ್ಟು ಖುಷಿ.

ಗಾಜಿನ ಪೆಟ್ಟಿಗೆಯಲ್ಲಿ ಮಣ್ಣಿಗೆ ಐದು ದಿನ ರಾಜೋಪಚಾರ ನಡೆಯಿತು. ನೋಡಲು ನೆಂಟರೆಲ್ಲ ಬಂದರು. ಆರನೆಯ ದಿನ ಅವಳು ಪೊರೆ ಬಿಟ್ಟಳು. ನೋಡಿದರೆ, ಒಳಗಿದ್ದದ್ದು ಒಂದು ಮಾಮೂಲಿ ಕೇರೆಹಾವು.

"ನೀಲಿ ಅಂತ ಯಾರೋ ಹೇಳಿದ್ದು?" ಎಂದ ಚಿರಂತ್.

"ನೀನೇ."

ಕಾಡಿನವರೆಗೆ ಹೋಗುವ ಉತ್ಸಾಹ ಈಗ ಯಾರಿಗೂ ಉಳಿದಿರಲಿಲ್ಲ. ಊರಾಚೆಯ ನೀಲಗಿರಿ ತೋಪಿನಲ್ಲಿ ಅವಳನ್ನು ಬಿಟ್ಟು ಬಂದರು. ಅಲ್ಲಿ ಇಲಿಯಿಲ್ಲ, ಕಪ್ಪೆಯಿಲ್ಲ, ನುಸುಳಲು ಒಂದು ಕಲ್ಲೂ ಇಲ್ಲ. ಎಲ್ಲಿ ನೋಡಿದರೂ ಒಣಗಿದ ಎಲೆ. ಮಣ್ಣಿ ದಿನವೂ ಅಲ್ಲಿದ್ದ ಓತಿಕ್ಯಾತನನ್ನು ಕೇಳುತ್ತಿದ್ದಳು: "ಚಪ್ಪಡಿ ಕಲ್ಲಿನ ಕಾಡು ಯಾವ ಕಡೆ, ಅಣ್ಣ?" ಓತಿಕ್ಯಾತ ಎಲ್ಲದಕ್ಕೂ ತಲೆ ಆಡಿಸುತ್ತಿದ್ದ. ಅದರಿಂದ ಏನೂ ತಿಳಿಯುತ್ತಿರಲಿಲ್ಲ.

ಮುಂದಿನ ವರ್ಷ ಕೆಂಚಿಗೆ ಮಕ್ಕಳಾದವು. ಕೆಲವು ಮಣ್ಣಿನ ಬಣ್ಣ, ಎರಡು ಕಿತ್ತಳೆ, ಒಂದು ಹೆಚ್ಚುಕಮ್ಮಿ ಕಪ್ಪು. ಚಳಿಗೆ ಅವು ಮುದುಡಿ ಮಲಗಿದಾಗ ಕೆಂಚಿ ಹೇಳುತ್ತಿದ್ದಳು, "ನಿಮಗೊಬ್ಬಳು ದೊಡ್ಡಮ್ಮ ಇದ್ದಳು. ಕಣ್ಣು ಕಾಣದ ವಾರ ಅದು. ಆದರೂ ನನ್ನನ್ನ ಉಳಿಸೋಕೆ ತಾನೇ ಬೂಟಿನವರ ಎದುರಿಗೆ ಹೋದಳು."

"ದೊಡ್ಡಮ್ಮ ಯಾವ ಬಣ್ಣ ಇದ್ದಳಮ್ಮ?"

ಕೆಂಚಿ ಮಕ್ಕಳನ್ನು ಇನ್ನಷ್ಟು ಹತ್ತಿರ ಸುತ್ತಿಕೊಂಡಳು.

"ಬೆಚ್ಚಗಿದ್ದಳು," ಎಂದಳು.

ನೀತಿ: ಜೊತೆಯವರನ್ನು ಹಿಡಿದುಕೊಡಲು ಹೊರಟವರು ತಾವೇ ಸಿಕ್ಕಿಬೀಳುತ್ತಾರೆ, ತಮ್ಮನ್ನು ನಂಬಿದ್ದವರ ಪ್ರೀತಿಯ ಬೆಲೆಯನ್ನು ಅವರಿಂದ ದೂರವಾದ ಮೇಲೆಯೇ ಅರಿಯುತ್ತಾರೆ.