ಬಟ್ಟಲು ಖಾಲಿ ಮಾಡಿದ ದಿವಾನ

ಇದರಲ್ಲಿ ಅಕ್ಷರ ಅಕ್ಷರವೂ ನಿಜ, ಬೇಕಾದರೆ ನನ್ನ ಮೀಸೆಯ ಮೇಲೆ ಆಣೆ. ನಾಯಿಭಾಷೆಯಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲೇ ಇಲ್ಲ. ಅದಕ್ಕೇ, ನಾಯಿ ಸಾಕಲು ಹೊರಟ ತಂಗಿ ವಿಶಾಲು ಬಿಡಾಡಿ ನಾಯಿಗಳ ಆಶ್ರಯಕ್ಕೆ ನನ್ನನ್ನೇ ಕರೆದೊಯ್ದಳು.

ಅಲ್ಲಿ ದಿವಾನ ಎಂಬ ಮುದಿನಾಯಿ ನೀರಿನ ಬಟ್ಟಲನ್ನು ಸುತ್ತುತ್ತಿತ್ತು. ಕೂರುತ್ತಿತ್ತು, ಏಳುತ್ತಿತ್ತು, ಮತ್ತೆ ಸುತ್ತುತ್ತಿತ್ತು, ಕುಡಿಯುತ್ತಿರಲಿಲ್ಲ. ಪಕ್ಕದ ಗೂಡಿನ ಮರಿ ಪಿಸುಗುಟ್ಟಿತು: "ತಾತ, ತಡೆದುಕೊ. ಇದೂ ಹೆಣ್ಣು ನೋಡುವ ಶಾಸ್ತ್ರ ಇದ್ದ ಹಾಗೆ. ಒಂದೇ ಸಮನೆ ನೀರು ಕುಡಿದರೆ ನಿನ್ನ ಸಕ್ಕರೆ ಕಾಯಿಲೆ ಗೊತ್ತಾಗಿಬಿಡುತ್ತದೆ. ಬಾಲ ಆಡಿಸು, ಸಾಕು."

"ಹೋದ ಸಲವೂ ಹಾಗೇ ಮಾಡಿದೆ ಕಣೋ," ಎಂದಿತು ದಿವಾನ. "ಖುಷಿಯಿಂದ ಕರೆದೊಯ್ದರು. ಮನೆ ತುಂಬ ಉಚ್ಚೆ ಹೊಯ್ದ ಮೇಲೆ ವಾಪಸ್ ತಂದುಬಿಟ್ಟರು. ಇನ್ನೊಮ್ಮೆ ವಾಪಸ್ ಬರುವ ಶಕ್ತಿ ನನಗಿಲ್ಲ."

ಹಾಗೆಂದು ವಿಶಾಲುವಿನ ಎದುರೇ ಬಟ್ಟಲನ್ನು ನೆಕ್ಕಿ ಖಾಲಿ ಮಾಡಿ ತಲೆಯೆತ್ತಿತು. "ತಾಯಿ, ನನಗೆ ಎರಡು ಹೊತ್ತೂ ಸೂಜಿ ಚುಚ್ಚಬೇಕು. ನೆಲ ಒದ್ದೆಯಾಗುತ್ತದೆ. ಬೇಡ ಅನ್ನುವುದಿದ್ದರೆ ಇಲ್ಲೇ ಅಂದುಬಿಡಿ."

ನಾನು ಅನುವಾದಿಸಿದೆ.

"ಸೂಜಿ ಚುಚ್ಚಿದರೆ ಕಚ್ಚುತ್ತಾ, ಕೇಳು," ಎಂದಳು ವಿಶಾಲು.

"ಕತ್ತು ಕೊಡುತ್ತೇನೆ," ಎಂದಿತು ದಿವಾನ.

ವಿಶಾಲು ಬಟ್ಟಲಿಗೆ ಮತ್ತೆ ನೀರು ತುಂಬಿಸಿದಳು. "ಕುಡಿ ಮಾರಾಯ, ಕುಡಿದು ಹೊರಡು. ನೆಲ ಒರೆಸೋಕೆ ನಿನ್ನ ಸೋದರಮಾವ ಇದ್ದಾನಲ್ಲ."

ಒರೆಸುತ್ತಲೇ ಇದ್ದೇನೆ. ಇದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು ಸಣ್ಣ ವಿಷಯ: ಆ ಮರಿ ಏನೂ ಮಾತಾಡಲಿಲ್ಲ. ಪಾಪ, ಅದಕ್ಕಿನ್ನೂ ಮಾತು ಬಂದಿರಲಿಲ್ಲ.