ತಗಡಿನ ಸದ್ದಿಗೆ ಕದಲದ ಬಾತುಗಳು

"ಮೇಷ್ಟ್ರೇ, ಎಣಿಸಬೇಕಾದರೆ ಮೊದಲು ಎಲ್ಲವೂ ಸುಮ್ಮನೆ ನಿಲ್ಲಬೇಕಲ್ಲವೇ?" ಎಂದು ನೀಲಾಂಬಿಕೆ ಕೇಳಿದಳು.

ಅವಳು ಹಿಡಿದ ಗಣಿತವೇ ಅಂಥದ್ದು. ಅಲ್ಲಿ ಸಂಖ್ಯೆಗಳು ಗಡಿಯಾರದ ಗಂಟೆಗಳ ಹಾಗೆ ಸುತ್ತಿ ಬರುತ್ತವೆ. ಕೊನೆಯದಾದ ಮೇಲೆ ಮತ್ತೆ ಮೊದಲನೆಯದು. ಗಂಟೆಗಳ ಎಣಿಕೆ ಮಾತ್ರ ಅವಿಭಾಜ್ಯ ಸಂಖ್ಯೆಯಾಗಿರಬೇಕು. ಸಾಂತ ಕ್ಷೇತ್ರ ಎಂದು ಅದರ ಹೆಸರು. ಒಂದು ವಕ್ರರೇಖೆಯ ಮೇಲೆ ಆ ಕ್ಷೇತ್ರದ ಬಿಂದುಗಳು ಎಷ್ಟಿವೆ ಎಂಬುದೇ ಅವಳ ಪ್ರಶ್ನೆ. ಚಿಕ್ಕ ಗಡಿಯಾರಗಳಿಗೆ ಒಂದೊಂದಾಗಿ ಎಣಿಸಿ ಮುಗಿಸಿದ್ದಳು. ದೊಡ್ಡವಕ್ಕೆ ಆಯುಷ್ಯವೇ ಸಾಲದು. ಇವತ್ತು ದಾರಿ ಕಾಣದಿದ್ದರೆ ಈ ಪ್ರಶ್ನೆಯನ್ನೇ ಕೈಬಿಡುವುದೆಂದು ನಿರ್ಧರಿಸಿಕೊಂಡೇ ಬಂದಿದ್ದಳು.

"ರೇಖೆಯ ಮೇಲೆ ಗಡಿಯಾರದಲ್ಲಿಲ್ಲದ ಸಂಖ್ಯೆಗಳ, ಹೊರಗಿನ ಬಿಂದುಗಳು ಲೆಕ್ಕವಿಲ್ಲದಷ್ಟು. ಅವುಗಳ ನಡುವೆ ನನ್ನವು ಬೆರೆತುಹೋಗಿವೆ. ಬಿಂದುಗಳ ಸಂಖ್ಯೆಗಳನ್ನು, ಗಡಿಯಾರಕ್ಕೆ ಎಷ್ಟು ಗಂಟೆಯೋ ಅಷ್ಟನೆಯ ಘಾತಕ್ಕೇರಿಸಿ ನೋಡಿದರೆ, ಅಯ್ಯೋ, ಇಡೀ ರೇಖೆಯೇ ಕದಲಿಬಿಡುತ್ತದೆ!"

"ಕದಲುತ್ತದೆಯೋ? ಭೇಷ್!" ಎಂದು ಹೊಳೆಬಸಪ್ಪ ಮೇಷ್ಟ್ರು ತೊಡೆ ತಟ್ಟಿದರು. ಅವಳಿಗೆ ಸಿಟ್ಟೇ ಬಂತು. ಅವರು ಅದನ್ನು ಲೆಕ್ಕಿಸದೆ ಕತೆ ಶುರುಮಾಡಿದರು.

ಒಬ್ಬ ಬಾತುಗಾರನಿದ್ದ. ಕೊಯ್ಲು ಮುಗಿದ ಗದ್ದೆಗಳಲ್ಲಿ ಬಾತುಕೋಳಿ ಮೇಯಿಸುತ್ತ ಊರೂರು ತಿರುಗುವವನು. ಬಯಲಲ್ಲೇ ಬಿಡಾರ. ನರಿ ಸುಳಿಯದಿರಲೆಂದು ರಾತ್ರಿಯೆಲ್ಲ ತಗಡು ಬಡಿಯುವುದು ಅವನ ರೂಢಿ.

ಒಂದು ದಿನ ಅವನ ಹಿಂಡು ಕೆರೆಗಿಳಿದು ಇನ್ನೊಬ್ಬನ ಹಿಂಡಿನಲ್ಲಿ ಬೆರೆತುಹೋಯಿತು. ಒಂದೇ ಬಣ್ಣ, ಒಂದೇ ಕೂಗು. ಆ ಇನ್ನೊಬ್ಬ ಏರಿಯ ಮೇಲೆ ಕುಳಿತು, "ನಿನ್ನವು ಯಾವುವು ತೋರಿಸಪ್ಪ, ಹೊಡೆದುಕೊಂಡು ಹೋಗು. ತೋರಿಸಲಾರೆಯಾ, ಬರಿಗೈಲಿ ನಡೆ" ಎಂದ.

ಬಾತುಗಾರನ ಬದುಕೆಲ್ಲ ಆ ಹಿಂಡೇ. ಕೆರೆಯ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೆ ಕೈಮುಗಿದು, ದಮ್ಮಯ್ಯ, ಸದ್ದು ಮಾಡಬೇಡಿ ಎಂದ. ಉಸಿರು ಬಿಗಿಹಿಡಿದು ನೀರಿಗಿಳಿದ. ಬಾತುಗಳೇನೋ ಸುಮ್ಮನೆ ನಿಂತವು. ನಿಂತರೆ ಎಲ್ಲವೂ ಒಂದೇ! ನೋಡಿ ನೋಡಿ ಕಣ್ಣು ಸೋತವು, ಗುರುತು ಸಿಗಲಿಲ್ಲ.

ಕೊನೆಗೆ ಅವನ ತಲೆ ಕೆಟ್ಟಿತು. ಹಾಳಾಗಿ ಹೋಗಲಿ ಎಂದು ದಡಕ್ಕೆ ಬಂದು, ತಗಡು ತೆಗೆದು ಢಣಢಣ ಬಡಿದ. ಅಬ್ಬಬ್ಬಾ, ಏನು ಗದ್ದಲ! ಬಾತುಗಳು ರೆಕ್ಕೆ ಬಡಿಯುತ್ತ ಆಚೆ ದಡಕ್ಕೆ ಬಿದ್ದಂಬೀಳ ಓಡಿದವು. ಕೆಲವು ಮಾತ್ರ ಏನೂ ಆಗಿಲ್ಲವೆಂಬಂತೆ ಇದ್ದಲ್ಲೇ ಗರಿ ತೀಡಿಕೊಳ್ಳುತ್ತ ಉಳಿದವು. ಮರಿಯಾಗಿದ್ದಾಗಿನಿಂದ ಆ ಸದ್ದಿನಲ್ಲೇ ನಿದ್ದೆ ಮಾಡಿದ ಬಾತುಗಳು ಅವು.

"ಎಣಿಸಿಕೋ ಅಣ್ಣಾ, ಎಣಿಸಿಕೋ!" ಎಂದು ಬಾತುಗಾರ ಕುಣಿದಾಡಿದ. ಏರಿಯ ಮೇಲಿದ್ದವನು ಎದ್ದು ತನ್ನವುಗಳ ಹಿಂದೆ ಓಡಿದ.

ಕತೆ ಮುಗಿಯಿತು. ನೀಲಾಂಬಿಕೆಗೆ ನಗು ಬಂತು. "ಚೆನ್ನಾಗಿದೆ ಮೇಷ್ಟ್ರೇ. ನನ್ನ ಹತ್ತಿರ ತಗಡೆಲ್ಲಿದೆ?"

"ಘಾತಕ್ಕೇರಿಸಿದೆ ಅಂದೆಯಲ್ಲ, ಆಗ ಗಡಿಯಾರದ ಒಳಗಿನ ಸಂಖ್ಯೆ ಏನಾಯಿತು?"

"ಏನೂ ಆಗುವುದಿಲ್ಲ. ಎಷ್ಟಿತ್ತೋ ಅಷ್ಟೇ ಬರುತ್ತದೆ. ಹೊರಗಿನವು ಮಾತ್ರ..."

ಅವಳು ಥಟ್ಟನೆ ಕರಿಹಲಗೆಯತ್ತ ತಿರುಗಿದಳು. ಮೇಷ್ಟ್ರು ಎದ್ದು ಅವಳ ಕೈಗೆ ಸೀಮೆಸುಣ್ಣ ಕೊಟ್ಟರು.

"ಬಡಿ ತಾಯಿ ತಗಡು, ಕದಲದವೇ ನಿನ್ನವು."