ಹೆಳವ ಮತ್ತು ರಿಪೇರಿಯವನು

"ಹೇಳಿದ್ದನ್ನ ಮಾಡದವರಿಗೆ ಎಷ್ಟು ಸಲ ಹೇಳಬೇಕ್ರಿ, ಮಾಸ್ತರ?"

ಶಿವಲೀಲಾ ಕೈಚೀಲ ಕೆಳಗಿಡುವ ಮೊದಲೇ ಕೇಳಿದಳು. ಮನೆಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ಅವಳ ಕೆಲಸ. ಆ ಕೆಲಸ ಕಲಿಸಿದವರು ಅಂದಾನಪ್ಪ ಮಾಸ್ತರರು. ರೇಡಿಯೊ ಕಾಲದಿಂದ ಬಿಚ್ಚಿ ಜೋಡಿಸುತ್ತ ಬಂದ ಅವರು ಈಗ ಕಣ್ಣು ಮಂಜಾಗಿ ಸ್ಕ್ರೂಡ್ರೈವರ್ ಹಿಡಿಯುವುದನ್ನು ಬಿಟ್ಟಿದ್ದರು. ತಲೆ ಕೆಟ್ಟಾಗ ಅವರ ಮನೆಯ ಕಟ್ಟೆಗೆ ಬಂದು ಕೂರುವುದನ್ನು ಅವಳು ಬಿಟ್ಟಿರಲಿಲ್ಲ.

"ಯಾರ ಮನಿಂದ ಬಂದಿ?" ಎಂದರು ಮಾಸ್ತರರು.

"ಅದ ರೀ, ನೀರಿನ ಟಾಕಿ ಹಿಂದಿನ ನೀಲಿ ಗೇಟಿನ ಮನಿ. ಇವತ್ತಿಗೆ ನಾಕನೇ ಸಲ."

ಮೊದಲ ಸಲ ಹೋದಾಗ ಆ ಕಂಪ್ಯೂಟರಿನಲ್ಲಿ ಮೂರು ಆಂಟಿವೈರಸ್‌ಗಳಿದ್ದವು. ಒಂದನ್ನೊಂದು ಕಳ್ಳನೆಂದು ಹಿಡಿಯುತ್ತಿದ್ದವು. ಉಳಿದ ಕೆಲಸ ನಿಂತುಹೋಗಿತ್ತು. ಅವಳು ಎರಡನ್ನು ತೆಗೆದು ಬಂದಳು. ಎರಡನೆಯ ಸಲ ನೋಡಿದರೆ ಎಂಟು ತಿಂಗಳಿಂದ ವಿಂಡೋಸ್‌ನ ಒಂದು ಅಪ್‌ಡೇಟೂ ಕೂತಿರಲಿಲ್ಲ. ಆಫ್ ಮಾಡಬೇಡಿ ಎಂದು ತೆರೆಯ ಮೇಲೆ ಬರೆದಿದ್ದರೂ ಮನೆಯವರು ಕರೆಂಟು ಉಳಿಸಲೆಂದು ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದರು. ಹಾಗೆ ಮಾಡಬಾರದೆಂದು ಹೇಳಿ ಬಂದಳು. ಮೂರನೆಯ ಸಲ ಮನೆಯವರ ದಿನದ ಬಳಕೆಗೊಂದು, ಕಂಪ್ಯೂಟರಿನೊಳಗೆ ಏನಾದರೂ ಹಾಕುವ ತೆಗೆಯುವ ಕೆಲಸಕ್ಕೊಂದು ಎಂದು ಎರಡು ಖಾತೆ ಮಾಡಿ, ಎರಡನೆಯದಕ್ಕೆ ಪಾಸ್‌ವರ್ಡ್ ಹಾಕಿಕೊಟ್ಟಳು. ಇವತ್ತು ಹೋದರೆ ಆ ಪಾಸ್‌ವರ್ಡು ಚೀಟಿಯಾಗಿ ತೆರೆಯ ಅಂಚಿಗೇ ಅಂಟಿತ್ತು. ಅದೂ ಸಾಲದೆಂಬಂತೆ, 'ನಿಮ್ಮ ಕಂಪ್ಯೂಟರಿಗೆ ರೋಗ ಬಂದಿದೆ' ಎಂದು ಫೋನ್ ಮಾಡಿದ ಯಾವನಿಗೋ ಮನೆಯವರು ಅದನ್ನು ಓದಿ ಹೇಳಿದ್ದರು. ಅವನು ದೂರದಲ್ಲಿ ಕುಳಿತು ಇವರ ಕಂಪ್ಯೂಟರನ್ನು ಆಡಿಸುತ್ತಿರುವಾಗಲೇ ಶಿವಲೀಲಾ ಬಾಗಿಲಿಗೆ ಬಂದು, ಇಂಟರ್ನೆಟ್ ತಂತಿ ಕಿತ್ತಿದ್ದಳು.

"ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆಗೇತ್ರಿ," ಎಂದಳು. "ಸಾಕಾತು. ಇನ್ನ ಆ ಮನಿ ಮೆಟ್ಟಲಾ ಹತ್ತಂಗಿಲ್ಲ."

ಮಾಸ್ತರರು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ಕುಂದ್ರು," ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಳವನಿದ್ದ. ಸುಗ್ಗಿ ಮುಗಿದ ಮೇಲೆ ಊರೂರು ತಿರುಗುವುದು, ಮನೆಯ ಬಾಗಿಲಲ್ಲಿ ನಿಂತು ಆ ಮನೆತನದ ಏಳು ತಲೆಮಾರಿನ ಹೆಸರು ಓದಿ ಹೇಳುವುದು, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುವುದು, ಮನೆಯವರು ಕೊಟ್ಟ ಜೋಳ ಪಡೆದು ಮುಂದಿನ ಮನೆಗೆ ಹೋಗುವುದು. ಇದು ಅವನ ಕಸುಬು. ಹದಿಮೂರು ಊರುಗಳ ಹದಿಮೂರು ಪುಸ್ತಕಗಳು ಅವನ ಬಳಿ ಇದ್ದವು. ಪುಸ್ತಕವಿದ್ದರೆ ಅವನು ಹೆಳವ. ಇಲ್ಲದಿದ್ದರೆ ಬಾಗಿಲಲ್ಲಿ ನಿಂತ ಯಾರೋ ಒಬ್ಬ.

ಒಂದು ವರ್ಷ ಪುಸ್ತಕದ ಪೆಟ್ಟಿಗೆಗೆ ಗೆದ್ದಲು ಹಿಡಿಯಿತು. ಹೆಳವ ಹೆದರಿದ. ಮನೆಗೆ ಕಂಪ್ಯೂಟರ್ ತಂದು, ಒಂದೊಂದೇ ಪುಸ್ತಕವನ್ನು ತನ್ನ ಕೈಯಿಂದಲೇ ಅದಕ್ಕೆ ಇಳಿಸತೊಡಗಿದ. ಬರಹ ಹೊಸ ಪುಸ್ತಕಕ್ಕೆ ಇಳಿದ ಮೇಲೆ ಹಳೆಯದನ್ನು ಪೂಜಿಸಿ ಹೊಳೆಗೆ ಬಿಡುವುದು ಅವನ ಮನೆತನದ ಪದ್ಧತಿ. ನಾಲ್ಕು ವರ್ಷದಲ್ಲಿ ಹನ್ನೊಂದು ಊರುಗಳು ಕಂಪ್ಯೂಟರಿಗೆ ಇಳಿದವು. ಹನ್ನೊಂದು ಪುಸ್ತಕಗಳು ಹೊಳೆಗೆ ಹೋದವು.

ಆ ಕಂಪ್ಯೂಟರನ್ನು ನೋಡಿಕೊಳ್ಳಲು ಒಬ್ಬ ರಿಪೇರಿಯವನು ಬರುತ್ತಿದ್ದ. ಕೆಲಸದಲ್ಲಿ ಜಾಣ, ಆದರೆ ಮೂಗಿನ ತುದಿಯಲ್ಲೇ ಕೋಪ. ಬಂದವನು ಕಸ ತೆಗೆಯುತ್ತಿದ್ದ, ಕೆಟ್ಟದ್ದನ್ನು ಸರಿಮಾಡುತ್ತಿದ್ದ, ಹೋಗುವಾಗ ಒಂದೇ ಉಸಿರಿಗೆ ಹೇಳುತ್ತಿದ್ದ. ಅಪ್‌ಡೇಟ್ ತಪ್ಪಿಸಬೇಡಿ. ಗುರುತಿಲ್ಲದವರ ಅಟ್ಯಾಚ್‌ಮೆಂಟ್ ತೆರೆಯಬೇಡಿ, ವೈರಸ್ ಇರುತ್ತದೆ. ತಿಂಗಳಿಗೊಮ್ಮೆ ಬ್ಯಾಕಪ್ ಮಾಡಿ.

"ಹಂಗಂದ್ರ ಏನ್ರಿ?" ಎಂದು ಹೆಳವ ಕೇಳಿದ.

"ಅದೆಲ್ಲಾ ನಿಮಗ ತಿಳಿಯೂದಲ್ಲ. ನಾ ಹೇಳಿದಷ್ಟು ಮಾಡ್ರಿ."

ಹೆಳವ ಮತ್ತೆ ಕೇಳಲಿಲ್ಲ. ತಿಳಿದವರು, ನಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ ಎಂದುಕೊಂಡ. ರಿಪೇರಿಯವನು ಒಂಬತ್ತು ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ. ಹೆಳವ ಅದನ್ನು ಎರಡು ಸಲ ಓದಿದ. ಅಕ್ಷರ ತಿಳಿಯಿತು, ಮಾತು ತಿಳಿಯಲಿಲ್ಲ. ಆದರೂ ಬರೆದದ್ದಕ್ಕೆ ಮರ್ಯಾದೆ ಕೊಡುವ ಮನೆತನ. ಸೋಮವಾರಕ್ಕೊಮ್ಮೆ ಆ ಹಾಳೆಗೆ ಊದುಬತ್ತಿ ಬೆಳಗಿದ. ಬ್ಯಾಕಪ್ಪಿಗೆಂದು ರಿಪೇರಿಯವನು ತಂದುಕೊಟ್ಟ ಹಾರ್ಡ್ ಡಿಸ್ಕನ್ನು ಹೊಸ ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟ. ಅದರೊಳಗೆ ಒಂದಕ್ಷರವೂ ಇರಲಿಲ್ಲ.

ರಿಪೇರಿಯವನು ಪ್ರತಿ ಸಲ ಬಂದಾಗಲೂ ಅದನ್ನೇ ನೋಡಿದ, ಅದನ್ನೇ ಹೇಳಿದ, ದನಿ ಮಾತ್ರ ಏರಿಸಿದ. ಕಿವುಡನ ಮುಂದೆ ಶಂಖ ಊದಿದರೆ ಶಂಖದ ತಪ್ಪೇ? ಅವನು ಹಾಗೇ ತಿಳಿದಿದ್ದ.

ಒಂದು ದಿನ ಹೆಳವನಿಗೆ ಒಂದು ಈಮೇಲ್ ಬಂತು. ಅದರಲ್ಲಿ ಅವನ ಹೆಸರಿತ್ತು, ಅವನ ತಂದೆಯ ಹೆಸರಿತ್ತು, ಊರಿನ ಹೆಸರಿತ್ತು. 'ನಿಮ್ಮ ಮನೆತನದ ಹಳೆಯ ಕಾಗದ ಸಿಕ್ಕಿದೆ, ತೆರೆದು ನೋಡಿ' ಎಂದು ಬರೆದಿತ್ತು. ಕಂಪ್ಯೂಟರ್ ಕೆಂಪು ಎಚ್ಚರಿಕೆ ತೋರಿಸಿ ತಡೆಯಿತು. ತಡೆದರೆ ಅದನ್ನು ಆರಿಸುವುದು ಹೇಗೆಂಬುದನ್ನೂ ಪತ್ರದಲ್ಲಿ ಬಲು ವಿನಯದಿಂದ ತಿಳಿಸಿದ್ದರು. ಹೆಳವ ಅವರು ಹೇಳಿದಂತೆ ಕಾವಲನ್ನು ಆರಿಸಿ ಕಾಗದ ತೆರೆದ.

ಸಂಜೆಯ ಹೊತ್ತಿಗೆ ಹನ್ನೊಂದು ಊರುಗಳಿಗೂ ಬೀಗ ಬಿದ್ದಿತ್ತು. ಯಾವ ಹೆಸರೂ ತೆರೆಯಲಿಲ್ಲ. ಬೀಗ ತೆಗೆಯಬೇಕಾದರೆ ಹಣ ಕೊಡು ಎಂಬ ಬರಹವೊಂದು ಮಾತ್ರ ತೆರೆಯ ಮೇಲೆ ನಿಂತಿತ್ತು.

ರಿಪೇರಿಯವನು ಮೂರು ದಿನ ಕುಳಿತ. ತನಗೆ ತಿಳಿದದ್ದನ್ನೆಲ್ಲ ಮಾಡಿದ, ತಿಳಿದವರನ್ನೆಲ್ಲ ಕೇಳಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಬಂತು? ಮೂರನೆಯ ದಿನ ಜಗಲಿಯ ಮೇಲಿನ ಡಿಸ್ಕನ್ನು ಇಳಿಸಿ, ಬಟ್ಟೆ ಬಿಚ್ಚಿ, ಜೋಡಿಸಿ ನೋಡಿದ. ಖಾಲಿ. ನಾಲ್ಕು ವರ್ಷದ ಸಿಟ್ಟೆಲ್ಲ ಒಟ್ಟಿಗೇ ಬಂತು.

"ಗುರ್ತಿಲ್ಲದವರ ಪತ್ರ ತೆರೀಬ್ಯಾಡ್ರಿ ಅಂತ ಬಾಯಿ ಬಡಕೊಂಡೆ. ಹೇಳಿದ್ನಿಲ್ಲೋ?"

"ಹೇಳಿದ್ರಿ. ಆದ್ರ ಗುರ್ತಿಲ್ಲದವರಲ್ರಿ ಅವರು. ನಮ್ಮಪ್ಪನ ಹೆಸರು ಬರದಿದ್ರು."

ಅಪ್ಪನ ಹೆಸರು ಹೇಳಿದವರಿಗೆ ಬಾಗಿಲು ತೆರೆಯುವುದು ಹೆಳವನ ಲೋಕದ ರೀತಿ. ಅವನು ಬದುಕಿದ್ದೇ ಹಾಗೆ ತೆರೆದ ಬಾಗಿಲುಗಳಿಂದ. ಆದರೆ ರಿಪೇರಿಯವನಿಗೆ ಅದನ್ನು ಯೋಚಿಸುವ ತಾಳ್ಮೆ ಉಳಿದಿರಲಿಲ್ಲ. ಹಂಗಿಸಿ ಕೇಳಿದ:

"ಹಂಗಾದ್ರ ಯಾವ ಕಳ್ಳ ಬೇಕಾದ್ರೂ ಸಂತ್ಯಾಗ ಒಂದು ಹೆಸರು ಕೇಳಿಕೊಂಡು, ನಾ ಹೆಳವ ಅಂತ ಮಂದಿ ಮನಿ ಹೊಗಬಹುದಲ್ಲ?"

"ಅಂಥವರು ಬರ್ತಾರ್ರಿ," ಎಂದ ಹೆಳವ. "ಅದಕ್ಕ ಮನಿಯವರು ಒಂದು ಪ್ರಶ್ನೆ ಕೇಳತಾರ. ನಮ್ಮ ಮುತ್ತಜ್ಜಿ ತವರುಮನಿ ಯಾವುದು, ಹೇಳು ಅಂತಾರ. ಅಪ್ಪನ ಹೆಸರು ಊರಿಗೆಲ್ಲಾ ಗೊತ್ತಿರತೈತಿ. ಮುತ್ತಜ್ಜಿ ತವರು ಖರೇ ಹೆಳವನ ಪುಸ್ತಕದಾಗ ಅಷ್ಟ ಇರತೈತಿ. ಪುಸ್ತಕ ತೆಗದು ತೋರಸಲಿಲ್ಲಂದ್ರ ಅಂವ ಕಳ್ಳ. ಹೊರಗಿಂದ ಹೊರಗ ಕಳಿಸತಾರ."

ರಿಪೇರಿಯವನು ದನಿ ತಗ್ಗಿಸಿ ಕೇಳಿದ, "ಮತ್ತ ಆ ಪತ್ರಕ್ಕ ಯಾಕ ಕೇಳಲಿಲ್ರಿ ಇದನ್ನ?"

"ಪತ್ರದ ಹಿಂದ ಒಬ್ಬ ಮನಷ್ಯಾ ನಿಂತಿರತಾನ ಅಂತ ನೀವು ಹೇಳಲಿಲ್ಲಲ್ರಿ. ವೈರಸ್ ಅಂದ್ರಿ. ಗೆದ್ದಲಿನಂಥಾದ್ದು, ಪೆಟ್ಟಿಗಿ ಒಳಗ ಹುಟ್ಟತೈತಿ ಅಂತ ತಿಳಕೊಂಡಿದ್ದೆ."

ರಿಪೇರಿಯವನು ಗೋಡೆಯ ಮೇಲಿನ ಹಾಳೆಯನ್ನು ನೋಡಿದ. ಒಂಬತ್ತು ನಿಯಮಗಳಲ್ಲಿ ಆ ಒಂದು ಮಾತು ಇರಲಿಲ್ಲ. ಹಾಳೆಯ ಅಂಚು ಊದುಬತ್ತಿಯ ಹೊಗೆಗೆ ಕಪ್ಪಾಗಿತ್ತು.

ಮುಂದಿನ ಸುಗ್ಗಿ ಮುಗಿದ ಮೇಲೆ ಹೆಳವ ಉಳಿದ ಎರಡು ಪುಸ್ತಕ ಹಿಡಿದು ಎರಡು ಊರು ತಿರುಗಿದ. ಉಳಿದ ಹನ್ನೊಂದು ಊರುಗಳಿಗೆ ಬರಿಗೈಯಲ್ಲಿ ಹೋದ. ಬಾಗಿಲಲ್ಲಿ ನಿಂತು ಹೆಸರು ಹೇಳಬೇಕಾದವನು ಮನೆಯವರನ್ನೇ ಹೆಸರು ಕೇಳಿದ. ಕೆಲವರು ಕನಿಕರಪಟ್ಟು ನೆನಪಿದ್ದಷ್ಟು ಹೇಳಿದರು. ಅಪ್ಪ, ಅಜ್ಜ, ಹೆಚ್ಚೆಂದರೆ ಮುತ್ತಜ್ಜ. ಅಲ್ಲಿಗೆ ನಿಂತಿತು. ಮುತ್ತಜ್ಜಿಯ ತವರುಮನೆ ಯಾವ ಮನೆಯವರಿಗೂ ಗೊತ್ತಿರಲಿಲ್ಲ. ಕೆಲವರು ಪದ್ಧತಿಯಂತೆ ಅದನ್ನೇ ಅವನಿಗೆ ಕೇಳಿದರು. ಅವನು ಪುಸ್ತಕ ತೆಗೆದು ತೋರಿಸಲಾರದೆ ಹೋದಾಗ ಬಾಗಿಲು ಹಾಕಿಕೊಂಡರು.

ಮಾಸ್ತರರು ಕತೆ ನಿಲ್ಲಿಸಿದರು.

ಶಿವಲೀಲಾಳಿಗೆ ಹೆಳವನ ಮೇಲೆ ಮರುಕ ಹುಟ್ಟಿತು, ಆದರೆ ಸಿಟ್ಟು ಇಳಿಯಲಿಲ್ಲ. ಕತೆ ತನ್ನ ಮೇಲೇ ಬರುತ್ತಿದೆ ಎಂದು ಅವಳಿಗೆ ಅನ್ನಿಸಿತ್ತು, ಅದಕ್ಕೇ ಇನ್ನಷ್ಟು ಕಿರಿಕಿರಿಯಾಯಿತು. "ಅಂವ ಕೇಳಿದಾಗ ರಿಪೇರಿಯವ ಬಿಡಿಸಿ ಹೇಳಲಿಲ್ಲ. ಅದು ಅವನ ತಪ್ಪು, ಒಪ್ಪಿದೆ," ಎಂದಳು. "ನಾ ಹಂಗಲ್ರಿ ಮಾಸ್ತರ. ನಾಕೂ ಸಲ, ಒಂದೊಂದೂ ಬಿಡಿಸಿ ಬಿಡಿಸಿ ಹೇಳೀನಿ. ಇನ್ನೇನು ಹೇಳೂದು ಉಳದೈತಿ ಆ ಮನಿಗೆ?"

ಮಾಸ್ತರರು ಅವಳ ಕಡೆ ತಿರುಗಿದರು.

"ಹೆಳವಗ ತಿಳಿಯೂ ಮಾತು ಅವನ ಕಸುಬಿನೊಳಗ ಇತ್ತು. ನಾಕ ಸಲ ಹೋಗಿ ಬಂದಿಯಲ್ಲವ್ವಾ, ಆ ಮನಿಯವರ ಕಸುಬು ಏನು?"